ಕಲೆ ಕಾಣದ ಫೋಟೋ

"ನನ್ನ ಕಲಿ ಅಳಸ್ರಿ ಅಂತ ಯಾರ್ ಹೇಳಿದ್ರು ನಿಮಗ?"

ಸುಶೀಲಾ ಫೋಟೋವನ್ನು ಮೇಜಿನ ಮೇಲೆ ಬಡಿದಳು. ಕಲಘಟಗಿ ಬಸ್ ನಿಲ್ದಾಣದ ಪಕ್ಕದ ಆ ಸಣ್ಣ ಸ್ಟುಡಿಯೋದಲ್ಲಿ ಫೋಟೋಗ್ರಾಫರ್ ಈರಪ್ಪ ಗಾಬರಿಯಿಂದ ಎದ್ದು ನಿಂತ.

ಅದು ಎಂಬತ್ನಾಲ್ಕನೆಯ ಇಸವಿ. ಸುಶೀಲಾ ತೊಟ್ಟಿಲಿಗೆ ಬಣ್ಣ ಹಚ್ಚುವ ಗಂಗಪ್ಪನ ಮಗಳು. ಚಿಕ್ಕಂದಿನಲ್ಲಿ ಬಿಸಿ ಅರಗು ಸಿಡಿದು ಅವಳ ಎಡಗೆನ್ನೆಯ ತುಂಬ ಸಣ್ಣ ಸಣ್ಣ ಸುಟ್ಟ ಕಲೆಗಳು. ಫೋಟೋದಲ್ಲಿ ಮಾತ್ರ ಆ ಕೆನ್ನೆ ಬೆಣ್ಣೆಯಂತೆ ನುಣುಪು!

"ಅಳ್ನಾವರದವ್ರು ಈ ಫೋಟೋ ನೋಡಿ ಕನ್ಯಾ ನೋಡಾಕ ಬಂದಿದ್ರು. ನನ್ನ ಮಾರಿ ನೋಡಿ, ಮುಂದಿಟ್ಟ ಅವಲಕ್ಕಿ ಸುದ್ದಾ ಮುಟ್ಟಲಿಲ್ಲ. 'ಮೋಸ ಮಾಡೀರಿ' ಅಂತ ನಮ್ಮಪ್ಪಗ ಅಂದು ಹೋದ್ರು!"

"ನಾ ಏನೂ ಅಳಿಸಿಲ್ರಿ..." ಈರಪ್ಪ ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದ. "ನೋಡ್ರಿ, ಕಲಿ ಮುಚ್ಚೂ ಪೆನ್ಸಿಲ್ ಮುಟ್ಟಿಸಿಲ್ಲ. ಈ ಲೆನ್ಸ್ ಹಳೇದು. ಇದರಾಗ ಒಂದು ಐಬು ಐತಿ. ಲೆನ್ಸಿನ ಕಿಂಡಿ ಪೂರಾ ತಗದ್ರ ಬೆಳಕು ಒಂದ ಕಡೆ ಕೂಡಂಗಿಲ್ಲ, ಹರಡತೈತಿ. ಸಣ್ಣ ಗುರುತೆಲ್ಲಾ ಅದರಾಗ ಕರಗಿ ಹೋಗ್ತಾವು. ಕಿಂಡಿ ಸಣ್ಣದ ಮಾಡಿದ್ರ ಎಲ್ಲಾ ಚೊಕ್ಕ ಬರ್ತಾವು."

"ಹಂಗಾರ ಗೊತ್ತಿದ್ದೂ ಯಾಕ ಪೂರಾ ತಗದ್ರಿ?"

ಈರಪ್ಪ ತಲೆ ತಗ್ಗಿಸಿದ.

'ಕನಿಕರ! ಇವನಿಗೂ ನನ್ನ ಮೇಲೆ ಕನಿಕರ!'

"ನಿಮ್ಮ ದಯಾ ನನಗ ಬ್ಯಾಡ್ರಿ!" ಎಂದವಳೇ ಕಣ್ಣೊರೆಸಿಕೊಳ್ಳುತ್ತ ಹೊರಟುಹೋದಳು.

ಈರಪ್ಪ ಸ್ಟುಡಿಯೋಕ್ಕೆ ಬೀಗ ಹಾಕಿ, ನೆಗೆಟಿವ್ ಹಿಡಿದುಕೊಂಡು ಅಳ್ನಾವರದ ದಾರಿ ಹಿಡಿದ.

ಮುಂದಿನ ರವಿವಾರ ಅಳ್ನಾವರದ ಹಿರಿಯರು ಗಂಗಪ್ಪನ ಮನೆಗೆ ಮತ್ತೆ ಬಂದರು. ಅಂಗಳದಲ್ಲೇ ಅವನ ಕೈ ಹಿಡಿದುಕೊಂಡರು.

"ಫೋಟೋದ ಹುಡುಗ ಬಂದು ಎಲ್ಲಾ ತಿಳಿಸಿ ಹೇಳಿದ್ನಪಾ. ಐಬು ನನ್ನ ಲೆನ್ಸಿಂದು, ಅವರು ಮೋಸ ಮಾಡೂ ಮಂದಿ ಅಲ್ಲ ಅಂದ. ನಮ್ಮದು ತಪ್ಪಾತು. ನೀವು ಹೂಂ ಅಂದ್ರ ಮಾತು ಮುಂದುವರಸೂಣು."

ಅಷ್ಟು ದಿನ ಓಣಿಯಲ್ಲಿ ತಲೆ ಎತ್ತದ ಅಪ್ಪ ಈಗ ನೆಟ್ಟಗೆ ನಿಂತಿದ್ದ. ಬಾಗಿಲ ಮರೆಯಲ್ಲಿದ್ದ ಸುಶೀಲಾಳ ಕಣ್ಣು ತುಂಬಿತು.

'ನಾನು ಬೈದು ಬಂದೆ... ಅವನು ಹೋಗಿ ನಮ್ಮಪ್ಪನ ಮಾನ ತಂದುಕೊಟ್ಟ!'

ಮರುದಿನ ಮಧ್ಯಾಹ್ನ ಅವಳು ಸ್ಟುಡಿಯೋದ ಹೊಸ್ತಿಲ ಮೇಲೆ ನಿಂತಿದ್ದಳು.

"ನಿಮ್ಮ ಉಪಕಾರ ಈ ಜನ್ಮದಾಗ ಮರಿಯಂಗಿಲ್ರಿ."

"ಉಪಕಾರ ಎಲ್ಲೀದ್ರಿ? ನನ್ನಿಂದ ನಿಮ್ಮಪ್ಪಗ ಮಾತು ಬಂತು."

"ಇನ್ನೊಂದು ಫೋಟೋ ತಗೀರಿ. ಕಿಂಡಿ ಸಣ್ಣದ ಮಾಡಿ."

ಅವಳು ಉಸಿರು ಬಿಗಿಹಿಡಿದು, ಅಲುಗಾಡದೆ ಕುಳಿತಳು. ಆಮೇಲೆ ಒದ್ದೆ ಫೋಟೋವನ್ನು ಈರಪ್ಪ ಅವಳ ಮುಂದೆ ಹಿಡಿದ. ಒಂದೊಂದು ಕಲೆಯೂ ಸ್ಪಷ್ಟವಾಗಿತ್ತು. ಸುಶೀಲಾ ಬಹಳ ಹೊತ್ತು ನೋಡಿದಳು. ಅವಳಿಗೆ ನಾಚಿಕೆಯಾಗಲಿಲ್ಲ.

"ಈಗರ ಹೇಳ್ರಿ. ಅವತ್ತ ಯಾಕ ಹಂಗ ತಗದ್ರಿ?"

ಈರಪ್ಪ ತಡವರಿಸಿದ. "ಅವತ್ತ ಮೋಡ ಮುಸುಕಿತ್ತು, ಬೆಳಕ ಇರಲಿಲ್ಲ. ಕಿಂಡಿ ಸಣ್ಣದ ಮಾಡಿದ್ರ ಭಾಳ ಹೊತ್ತು ಕುಂದರಬೇಕಿತ್ತು. ನಿಮ್ಮಪ್ಪ ಏನೋ ಚಾಷ್ಟಿ ಮಾಡಿದ್ರು, ನೀವು ಫಕ್ಕನ ನಕ್ರಿ... ಆ ನಗು ಹೋಗಬಾರದು ಅನಿಸ್ತು. ಪೂರಾ ತಗದುಬಿಟ್ಟೆ. ಕಲಿ ನೆನಪಾಗಲೇ ಇಲ್ರಿ..."

'ಕನಿಕರವಲ್ಲ... ಇವನು ನನ್ನ ನಗು ನೋಡಿದ್ದ!'

"ಅವತ್ತ ಯಾಕ ಹೇಳಲಿಲ್ಲ?"

"ಕೂಡೂ ಲಗ್ನ ಮುರದು ಬಂದವರ ಮುಂದ ಹೆಂಗ ಹೇಳ್ಲಿ? ಈಗೂ ಹೇಳಬಾರದಿತ್ತು. ಅಳ್ನಾವರದವ್ರು ಮತ್ತ ಬಂದಾರ..."

"ಅವರಿಗೆ ಕೈ ಮುಗದು ಬ್ಯಾಡ ಅಂದೇನಿ."

ಈರಪ್ಪ ಥಟ್ಟನೆ ತಲೆಯೆತ್ತಿ ಅವಳನ್ನು ನೋಡಿದ.

"ಸಂಜಿಮುಂದ ಅಪ್ಪ ಮನ್ಯಾಗ ಇರ್ತಾರ. ಬಂದು ಕೇಳ್ರಿ," ಎಂದಳು ಸುಶೀಲಾ ಮೆಲ್ಲಗೆ.

"ಅವರು ಒಲ್ಲೆ ಅಂದ್ರ?"

"ಅನ್ನಂಗಿಲ್ಲ. ನಿನ್ನೆ ರಾತ್ರೀನ ನಾ ಅಪ್ಪನ್ನ ಕೇಳೇನಿ!"