ಯಜಮಾನನ ಮೂಗು

"ಅಣ್ಣಾ, ಕಡ್ಡಿ ಗೀರಬೇಡ!"

ಮೆಟ್ಟಿಲಿಳಿದು ಓಡಿಬಂದ ತಂಗಿ ಅಣ್ಣನ ಕೈಗೆ ಹೊಡೆದಳು. ಬೆಂಕಿಪೊಟ್ಟಣ ಹಾರಿ ಕಡ್ಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಅಡುಗೆಮನೆಯ ತುಂಬ ಗ್ಯಾಸಿನ ನಾತ... ಮಹಡಿಯ ಕೋಣೆಗೂ ಹೊಡೆದಿತ್ತು. ಅವಳು ಸಿಲಿಂಡರ್ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದು ತಿರುಗಿದಾಗ ಅಣ್ಣ ಒಲೆಯ ಮುಂದೆ ಹಾಗೇ ನಿಂತಿದ್ದ.

"ಟೀ ಕಾಸೋಣ ಅಂತ..."

"ಇಷ್ಟು ನಾತ ಹೊಡೀತಿದೆ, ಗೊತ್ತಾಗ್ಲಿಲ್ವಾ?"

ಅವನು ತಲೆ ತಗ್ಗಿಸಿದ. ಅವಳಿಗೆ ಆಗ ಹೊಳೆಯಿತು. ಸೋಪಿನ ಕಾರ್ಖಾನೆಯ ಯಜಮಾನನಿಗೆ ವಾಸನೆಯೇ ತಿಳಿಯುವುದಿಲ್ಲ!

ಆ ಕಾರ್ಖಾನೆಯಲ್ಲಿ ಅಪ್ಪ ಮಾಡಿಟ್ಟ ಪದ್ಧತಿಯೊಂದಿತ್ತು. ಕೊಪ್ಪರಿಗೆಯ ಸೋಪು ಅಚ್ಚಿಗೆ ಬೀಳುವ ಮುನ್ನ ಯಜಮಾನ ತನ್ನ ಕುರ್ಚಿಯಲ್ಲಿ ಕೂತು, ಮೂಸಿ, "ಹೂಂ" ಅನ್ನಬೇಕು. ಅನ್ನದಿದ್ದರೆ ಎಷ್ಟೇ ನಷ್ಟವಾಗಲಿ, ಅದು ಹೊರಗೆ ಹೋಗುವಂತಿಲ್ಲ. ಎಣ್ಣೆ ಒಂದಿಷ್ಟು ಕಮಟಾಗಿದ್ದರೂ ಹಿಡಿಯುವ ಮೂಗು ಮಗಳಿಗೆ ಬಂದಿತ್ತು. "ನನ್ನ ಮೂಗು ಇವಳ ಮುಖದಲ್ಲಿದೆ" ಎಂದು ಅಪ್ಪ ನಗುತ್ತಿದ್ದರು. ಆ ನಗುವೇ ಅಣ್ಣನಿಗೆ ಮುಳ್ಳಾಯಿತು. ಅಪ್ಪ ಹಾಸಿಗೆ ಹಿಡಿದಾಗ ಅವನು ಅವರ ಕಿವಿಯಲ್ಲಿ ಊದಿದ, ತಂಗಿ ನಮ್ಮ ಸೋಪಿನ ಪಾಕದ ಗುಟ್ಟನ್ನು ಎದುರಾಳಿಗೆ ಮಾರಿಕೊಂಡಿದ್ದಾಳೆ ಎಂದು. ಅಪ್ಪ ಅವಳನ್ನು ಕಾರ್ಖಾನೆಯಿಂದ ಬಿಡಿಸಿ, ಗೋಡೆಯ ಕಡೆ ತಿರುಗಿ ಮಲಗಿದವರು, ಅವಳತ್ತ ಮತ್ತೆ ತಿರುಗದೇ ಹೋಗಿಬಿಟ್ಟರು... ಅಂದಿನಿಂದ ಅಮ್ಮನೂ ಅವಳ ಮುಖ ನೋಡಿ ಮಾತಾಡಿರಲಿಲ್ಲ.

"ಎಷ್ಟು ದಿನದಿಂದ?" ಎಂದಳು.

"ಅಪ್ಪ ಹೋದ ಮೇಲೆ ಜ್ವರ ಬಂತಲ್ಲ, ಆವತ್ತಿಂದ. ಮೇಸ್ತ್ರಿ ಮುಖ ನೋಡ್ಕೊಂಡು ಹೂಂ ಅಂತಿದ್ದೆ. ಈಗ ಅವನೂ ಕೆಲಸ ಬಿಟ್ಟ. ಹೋದ ಸಲದ ಮಾಲೆಲ್ಲಾ ವಾಪಸ್ ಬಂದಿದೆ..." ಅವನ ದನಿ ಇಳಿಯಿತು. "ಆದ್ರೆ ಒಂದು ವಾಸನೆ ಬರುತ್ತೆ ಪುಟ್ಟಿ. ಅಪ್ಪನ ಎದೆಗೆ ಹಚ್ತಿದ್ದ ಮುಲಾಮು. ಆ ಕುರ್ಚೀಲಿ ಕೂತರೆ ಸಾಕು, ಬೆನ್ನ ಹಿಂದೆ ಬಂದು ನಿಲ್ಲುತ್ತೆ. ಊಟದಲ್ಲೂ ಅದೇ, ದಿಂಬಲ್ಲೂ ಅದೇ... ನನಗೆ ಹುಚ್ಚು ಹಿಡಿಯುತ್ತೆ!"

ಅವಳು ಚೆಲ್ಲಿದ ಕಡ್ಡಿಗಳನ್ನು ಆರಿಸತೊಡಗಿದಳು.

"ಕುರ್ಚಿ ನೀನೇ ತಗೋ. ನಾನು ಮಾರಾಟ ನೋಡ್ಕೋತೀನಿ."

"ಮುಳುಗೋ ದೋಣೀಲಿ ಜಾಗ ಕೊಡ್ತಿದ್ದೀಯ, ದೊಡ್ಡ ಮನಸ್ಸು ನಿಂದು! ಕುರ್ಚಿ ಆಮೇಲೆ. ಮೊದಲು ಅಮ್ಮನ ಹತ್ರ ನಿಜ ಹೇಳು."

ಅಣ್ಣನ ಮುಖ ಬಿಳಿಚಿತು. "ಕಾರ್ಖಾನೆ ಪೂರ್ತಿ ಬರ್ಕೊಡ್ತೀನಿ. ಅದೊಂದು ಬೇಡ ಕಣೇ..."

"ಅದೊಂದೇ ಬೇಕು."

ಅಮ್ಮ ಒಳಕೋಣೆಯಲ್ಲಿ ಕಿಟಕಿಯ ಬಳಿ ಕಾಲು ಚಾಚಿ ಕೂತಿದ್ದಳು. ಮಗ ಕಾಲ ಬಳಿ ಕುಸಿದು, ಬಿಕ್ಕುತ್ತ ಎಲ್ಲವನ್ನೂ ಹೇಳಿದ. ಬಾಗಿಲಲ್ಲಿ ನಿಂತ ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಈಗ ತಿರುಗುತ್ತಾಳೆ, ಈಗ 'ಬಾ ಮಗಳೇ' ಅನ್ನುತ್ತಾಳೆ...

ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನನಗೆ ಗೊತ್ತಿತ್ತಪ್ಪಾ."

"ಅಮ್ಮಾ!"

"ಯಾವ ದಿನ ಇವಳು ಎದುರಾಳಿ ಮನೆಗೆ ಹೋಗಿದ್ದಳು ಅಂತ ನೀನು ಅಪ್ಪನಿಗೆ ಹೇಳಿದ್ಯೋ, ಆ ದಿನ ಇವಳು ಬೆಳಗಿಂದ ಸಂಜೆವರೆಗೂ ನನ್ನ ಜೊತೆ ಕಣ್ಣಿನ ಆಸ್ಪತ್ರೇಲಿದ್ದಳು. ದಿನ ಗೊತ್ತಿದ್ರೆ ಇವಳೇ ಹೇಳ್ತಿದ್ದಳು, ಆದ್ರೆ ಯಾವ ದಿನ ಅಂತ ಇವಳಿಗೆ ಯಾರೂ ಹೇಳಲೇ ಇಲ್ಲ. ನಾನು ಬಾಯಿ ಬಿಟ್ಟಿದ್ರೆ ನಿಮ್ಮಪ್ಪ ನಿನ್ನನ್ನ ಹೊಸಿಲು ದಾಟಿಸಿಬಿಡೋರು. ಇವಳು ಗಟ್ಟಿ, ತಡ್ಕೋತಾಳೆ. ನೀನು ತಡ್ಕೊಳ್ಳಲ್ಲ ಅಂತ... ಬಾಯಿಗೆ ಬೀಗ ಹಾಕ್ಕೊಂಡೆ."

ಇಷ್ಟು ದಿನ ಅಮ್ಮ ಮುಖ ತಪ್ಪಿಸಿದ್ದು ಸಿಟ್ಟಿನಿಂದಲ್ಲ! ಮಗಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ದುಡ್ಡು ಹೋದರೆ ದುಡಿಯಬಹುದು, ಹೆಸರು ಹೋದರೂ ಎಂದೋ ಮರಳೀತು. ಆದರೆ ಗೋಡೆಗೆ ಮುಖ ಮಾಡಿ ಹೋದ ಮನುಷ್ಯನನ್ನು ಈ ಕಡೆ ತಿರುಗಿಸುವವರು ಯಾರು?

"ಒಂದು ಮಾತು, ಅಮ್ಮ... ಒಂದೇ ಒಂದು ಮಾತು ಅಪ್ಪನ ಕಿವಿಗೆ ಹಾಕಿದ್ರೆ..."

ಮರುದಿನ ಅವಳು ಕಾರ್ಖಾನೆಗೆ ಹೋಗಿ ಅಪ್ಪನ ಕುರ್ಚಿಯಲ್ಲಿ ಕೂತಳು. ಕೊಪ್ಪರಿಗೆಯಿಂದ ತಂದ ಸೋಪನ್ನು ಮೂಸಿ, "ಊಹೂಂ, ಎಣ್ಣೆ ಕೆಟ್ಟಿದೆ. ಇದು ಬೇಡ" ಎಂದಳು. ಮೂಗು ಮರಳಿ ಬಂತೆಂದು ಕೆಲಸದವರ ಮುಖ ಅರಳಿತು. ಅವಳು ಮಾತ್ರ ಬೆನ್ನ ಹಿಂದೆ ಒಮ್ಮೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ, ಮುಲಾಮಿನ ವಾಸನೆಯೂ ಇರಲಿಲ್ಲ. ಅಣ್ಣನಿಗಾದರೂ ಅಪ್ಪ ಬರುತ್ತಿದ್ದರು...

ಸಂಜೆ ಮನೆಗೆ ಬಂದವಳು ಬೋಗುಣಿಯಲ್ಲಿ ನೀರು ಕಾಯಿಸಿ ತಂದು ಅಮ್ಮನ ಊದಿದ ಕಾಲುಗಳನ್ನು ಅದರಲ್ಲಿಟ್ಟಳು. ಯಾರಾದರೂ ಮಾಡಲೇಬೇಕಲ್ಲ. ಅಮ್ಮ ಅವಳ ಗಲ್ಲ ಹಿಡಿದೆತ್ತಿ, ಅಪ್ಪ ಹೋದ ಮೇಲೆ ಮೊದಲ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ನನ್ನ ಕ್ಷಮಿಸಿದೆಯೇನೇ?"

ಮಗಳು ಅಮ್ಮನ ಕೈಯನ್ನು ಮೆಲ್ಲನೆ ಬಿಡಿಸಿ, ಅವಳ ಮಡಿಲಲ್ಲೇ ಇಟ್ಟಳು.

"ಬಿಸಿ ಸಾಕಾ ನೋಡಮ್ಮ," ಎಂದಳು.