ಗುಡೇಕೋಟಿ ಗುಡ್ಡದಾಗ ಮಂಗಳದ ಡಬ್ಬಿ

ಕೂಡ್ಲಿಗಿ ಬಯಲಿನಿಂದ ಬೆಳಿಗ್ಗೆ ಚಂದನಾ ಬಿಟ್ಟ ಬಲೂನು ಮುಗಿಲಾಗ ಒಡೀತು. ಅದಕ್ಕ ಕಟ್ಟಿದ್ದ ಡಬ್ಬಿ, ಮೊಬೈಲಿನ ನಕ್ಷೆ ತೋರಿಸಿದಂಗ, ಬಿದ್ದಿದ್ದು ಗುಡೇಕೋಟಿ ಕರಡಿ ಗುಡ್ಡದಾಗ! ಹೊತ್ತು ಮುಳುಗೋದ್ರೊಳಗ ತರಬೇಕು. ವರ್ಷಗಟ್ಲೆ ಒದ್ದಾಡಿ ಕಟ್ಟಿದ ಡಬ್ಬಿ, ಚಂದನಾ ಹತ್ರ ಇನ್ನೊಂದು ಬಲೂನಿಲ್ಲ.

"ಅದ್ರಾಗ ಏನೈತಿಲೇ?" ಕೇಳಿದ ದೊಡ್ಡಪ್ಪನ ಮಗ, ಕುರಿ ಕಾಯೋ ಹುಲುಗೇಶ.

"ಒಂದ್ ಬಾಟ್ಲಿ ನೀರು, ಒಂದ್ ಕ್ಯಾಮೆರಾ."

"ಬಾಟ್ಲಿ ನೀರಿಗೆ ಕರಡಿ ಬಾಯಿಗೆ ಹೊಂಟೀವೇನು!"

"ಅಷ್ಟೆತ್ತರದಾಗ ಗಾಳಿ ಹೆಚ್ಚುಕಮ್ಮಿ ಮಂಗಳ ಗ್ರಹದಾಗಿದ್ದಷ್ಟ ತೆಳ್ಳಗಿರ್ತೈತಿ ಅಣ್ಣ. ಇಲ್ಲಿನ ಗಾಳಿ ನೂರು ಪಾಲು ಮಾಡಿದ್ರ ಒಂದು ಪಾಲು. ಒತ್ತಾಕ ಗಾಳಿ ಇಲ್ದಿದ್ರ ನೀರು ಒಲಿ ಇಲ್ದ ಕುದಿಬೇಕು. ಚಳಿಗೆ ಹೆಪ್ಪುಗಟ್ಟಬಾರ್ದಂತ ನಿನ್ ಕಂಬಳಿ ತುಂಡು ಸುತ್ತೀನಿ."

"ನನ್ ಕಂಬಳಿ ಹರ್ದಾಕಿ ನೀನಾ!"

ಸುತ್ತ ಬರೇ ಬಂಡಿಗಲ್ಲು. ಯಾರೋ ಆಟಕ್ಕ ಒಂದರ ಮ್ಯಾಲೊಂದು ಪೇರಿಸಿ ಮರೆತು ಹೋದಂಗ. ನಡುವ ಕಾರೆ ಮುಳ್ಳು, ಒಣಗಿದ ಹುಲ್ಲು, ಕಾಲಿಟ್ಟಲ್ಲೆಲ್ಲ ಕೆಂಪು ಧೂಳು. ಮಂಗಳಾನೂ ಹಿಂಗ ಕೆಂಪು, ಆದ್ರ ಅಲ್ಲಿ ಉಸಿರಾಡಾಕ ಆಗಲ್ಲ ಅನ್ಕೊಂಡ್ಲು ಚಂದನಾ.

ಬಂಡಿಗಲ್ಲಿನ ಆಚೆ ಏನೋ ಬುಸ್ ಅಂತು.

ಕರಡಿ!

ಡಬ್ಬಿ ಅದರ ಮುಂಗಾಲಿನಾಗ ಇತ್ತು. ಉಗುರು ಹಾಕಿ ಥರ್ಮಾಕೋಲು ಕಿತ್ತು ಒಗೀತಿತ್ತು.

ಬೆಲ್ಲದ ವಾಸನಿಗೆ ಬಂದೈತಿ ಅಂತ ಚಂದನಾಗ ಹೊಳೀತು. ಬೆಳಿಗ್ಗೆ ಅಜ್ಜಿ ದ್ಯಾಮಕ್ಕ, ಮೈಲಾರಲಿಂಗಪ್ಪ ಕಾಯ್ಲಿ ಅಂತ ಡಬ್ಬಿಗೆ ಅರಿಶಿಣದ ಭಂಡಾರ ಹಚ್ಚಿ, ಒಳಗ ಬೆಲ್ಲ ಬಾಳಿಹಣ್ಣಿನ ಎಡಿ ಇಟ್ಟಿದ್ಲು. ಬ್ಯಾಡ ಅನ್ನಾಕ ಬಾಯಿ ಬರ್ದ ಚಂದನಾನ ಮ್ಯಾಲೆ ಟೇಪ್ ಸುತ್ತಿದ್ಲು!

ಮುಂದಕ್ಕ ನುಗ್ಗಿದ್ಲು. ಹುಲುಗೇಶ ಜಡಿ ಹಿಡಿದು ಎಳೆದ.

"ಡಬ್ಬಿ ಮತ್ತ ಮಾಡಬೋದು. ಕರಡಿ ಕಿತ್ತ ಮುಖ ಮತ್ತ ಮಾಡಾಕ ಬರಲ್ಲಲೇ!"

ಉಸಿರು ಬಿಗಿಹಿಡಿದು ಕುಂತ್ರು. ಕರಡಿ ಬೆಲ್ಲ ನೆಕ್ಕಿತು, ಡಬ್ಬಿಗೆ ಒಂದೇಟು ಬಿಟ್ಟು ಪೊದಿ ಸೇರ್ತು. ಡಬ್ಬಿ ಕಲ್ಲಿನ ಸಂದಿಗೆ ಉರುಳ್ತು.

ಚಂದನಾ ತಲಿಕೆಳಗಾಗಿ ಸಂದಿಗೆ ತೂರಿದ್ಲು. ಕಾಲು ಹುಲುಗೇಶನ ಕೈಯಾಗ.

"ಬೇಗಲೇ! ಪೊದಿ ಅಲ್ಲಾಡಾಕತ್ತೈತಿ!"

ಬಾಟ್ಲಿ ಚೂರು. ಕ್ಯಾಮೆರಾ ಕಣ್ಣು ಪುಡಿ. ಕಂಬಳಿ ತುಂಡಿನೊಳಗ ಕೈಯಾಡಿಸಿದ್ಲು, ಕ್ಯಾಮೆರಾದ ಉಗುರಗಲದ ಮೆಮೊರಿ ಕಾರ್ಡು ಸಿಕ್ತು! ಅದನ್ನ ಹಲ್ಲಾಗ ಕಚ್ಕೊಂಡ್ಲು. ಇಬ್ರೂ ಗುಡ್ಡ ಇಳಿದು ಓಡಿದ್ರು, ಹಿಂದ ತಿರುಗಿ ನೋಡ್ಲಿಲ್ಲ.

ಮನ್ಯಾಗ ದ್ಯಾಮಕ್ಕ, ಆ ಕಾರ್ಡು ಹಾಕಿದ ಮೊಬೈಲಿಗೆ ಮುಖ ಹಚ್ಚಿದ್ಲು. ಕಪ್ಪು ಮುಗಿಲು. ಬಾಟ್ಲ್ಯಾಗ ನೀರು ನಡುಗ್ತು, ಗುಳ್ಳಿ ಎದ್ವು, ಕೊತಕೊತ ಕುದೀತು.

"ಒಲಿ ಎಲ್ಲೈತಿ?"

"ಇಲ್ಲಜ್ಜಿ, ಅದು ತಣ್ಣನ್ ನೀರು. ಮಂಗಳದಾಗೂ ನೀರು ಹಿಂಗ ಕುದೀತೈತಿ. ತೆಳ್ಳನ್ ಗಾಳ್ಯಾಗ ಬಿಸಿ ನಿಲ್ಲಂಗಿಲ್ಲ. ಹಗಲು ಎಲ್ಲೋ ಒಂದೀಟು ಬೆಚ್ಚಗ, ರಾತ್ರಿ ಎಲುಬು ಕೊರಿಯೋ ಚಳಿ."

"ಅಯ್ಯ ಪಾಪ! ಹೊದಿಯಾಕ ಕಂಬಳಿ ಇಲ್ಲದ ಊರು."

"ಇದ್ದದ್ದನ್ನ ಇವ್ಳು ಹರಿದಾಳ ಬಿಡಜ್ಜಿ," ಅಂದ ಹುಲುಗೇಶ.

ಚಂದನಾ ನಕ್ಲು. ಬಾಗಿಲಿಗೆ ಬಂದು ಊರಿನ ಗಾಳಿ ಎದಿ ತುಂಬ ಎಳ್ಕೊಂಡ್ಲು, ಇನ್ನೊಂದು ಸಲ ಎಳ್ಕೊಂಡ್ಲು.