ಸುಣ್ಣ ಬಳಿದ ಗಾಜು

"ಒರಸೂದಿದ್ರ ನೀರ್ಲೆ ಒರಸು, ಯವ್ವಾ. ಬಾಯಿ ಉಸಿರು ಮಾತ್ರ ಹಾಕಬ್ಯಾಡ," ಎಂದಳು ಮಾಬುಬಿ, ಚಹಾ ಸೋಸುತ್ತ.

"ಯಾಕ್ರಿ ಚಾಚಿ, ಗಾಜಿಗೆ ನೆಗಡಿ ಹತ್ತತೈತೇನು?" ಜಯಶ್ರೀ ನಕ್ಕಳು.

ಮಾಬುಬಿ ನಗಲಿಲ್ಲ. ಕುಳಗೇರಿ ಕ್ರಾಸಿನಲ್ಲಿ ಅವಳ ಚಹಾದಂಗಡಿಯ ಎದುರಿಗೇ ಆ ಮುಚ್ಚಿದ ಫೋಟೋ ಸ್ಟುಡಿಯೋ. ರಸ್ತೆಗೆ ಮುಖಮಾಡಿದ ಅದರ ಆಳೆತ್ತರದ ಗಾಜಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವವಳು ಅವಳೇ. ಬಳಿ ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದವರೂ ಇಲ್ಲ.

"ಪ್ರಭುಲಿಂಗ ಅಂತ ಇದ್ದ, ಸ್ಟುಡಿಯೋದಾವ. ಚಂದವ್ವನ ಮಗಳ ಫೋಟೋ ಕೇಳದ ಹೇಳದ ಈ ಗಾಜಿನ್ಯಾಗ ಹಚ್ಚಿದ. ಲಾರಿಯವ್ರೆಲ್ಲ ನಿಂತು ನೋಡಿದ್ರು. ಗೊತ್ತಾಗಿದ್ದ ಲಗ್ನ ಮುರೀತು. ಚಂದವ್ವ ಮಾಟ ಮಾಡಿಸಿದ್ಲು, 'ನನ್ನ ಮಗಳನ್ನ ಗಾಜಿನ್ಯಾಗ ನಿಂದರಿಸಿದಾವ ತಾನೂ ಗಾಜಿನ್ಯಾಗ ನಿಂದರ್ಲಿ' ಅಂತ. ಮುಂಜಾನೆ ನೋಡಿದ್ರ ಚಪ್ಪಲಿ ಇದ್ವು, ಅವ ಇರಲಿಲ್ಲ. ಆ ಗಾಜಿಗೆ ಯಾರರ ಉಸಿರು ಕೊಟ್ರ ಅವ ಹೊರಗ. ಕೊಟ್ಟವ್ರು ಒಳಗ."

"ಯಾವಾಕಿನ್ನರ ಕರ್ಕೊಂಡು ಓಡಿಹೋಗಿರ್ತಾನ ಬಿಡ್ರಿ."

"ಬರಿಗಾಲ್ಲೆ?"

ಜಯಶ್ರೀಗೆ ಸತ್ತವರ ಭಯವಿರಲಿಲ್ಲ. ಅವಳನ್ನು ಕಾಡುತ್ತಿದ್ದದ್ದು ಅವಳದೇ ಪ್ರತಿಬಿಂಬ. ಕಿಟಕಿ, ಗಾಜು, ನೆರಳುಗಳ ಛಾಯಾಚಿತ್ರ ಪ್ರದರ್ಶನವೊಂದಕ್ಕೆ ಹುಬ್ಬಳ್ಳಿಯಿಂದ ಅವಳು ಕಳಿಸಿದ ಚಿತ್ರಗಳೆಲ್ಲ ಒಂದೇ ಷರಾ ಹೊತ್ತು ಮರಳಿದ್ದವು: "ಪ್ರತಿ ಗಾಜಿನಲ್ಲೂ ನೀವೇ ನಿಂತಿದ್ದೀರಿ." ಇಂದು ಸಂಜೆಗೆ ಗಡುವು ಮುಗಿಯುತ್ತದೆ. ಇದೂ ತಪ್ಪಿದರೆ ಮದುವೆಮನೆಗಳಲ್ಲಿ "ಸ್ವಲ್ಪ ನಗ್ರೆಲ್ಲಾ" ಎನ್ನುತ್ತಲೇ ಆಯುಷ್ಯ ಕಳೆಯಬೇಕು. ಮತ್ತು ಯಾರೂ ನಗುವುದಿಲ್ಲ.

ಅವಳು ಸುಣ್ಣ ತೊಳೆದಳು. ಬಿಳಿ ನೀರು ಇಳಿದಂತೆ ಒಳಗಿನ ಹಳೆಯ ಫೋಟೋಗಳು ಒಂದೊಂದಾಗಿ ಕಣ್ಣು ಬಿಟ್ಟವು. ಬಿಸಿಲಿಗೆ ಬಣ್ಣ ಸತ್ತ ಮದುಮಕ್ಕಳು, ಶಿಶುಗಳು. ಅವುಗಳ ಮೇಲೆ, ಗಾಜಿನಲ್ಲಿ ತೇಲುತ್ತ, ಬಾದಾಮಿ ಬಸ್ಸಿಗೆ ಕಾದು ನಿಂತ ಇಳಕಲ್ ಸೀರೆಯ ಹೆಂಗಸರು. ಇದೇ ಚಿತ್ರ! ಆದರೆ ನಟ್ಟನಡುವೆ, ಮುಖದ ಜಾಗದಲ್ಲಿ ಕ್ಯಾಮೆರಾ ಹೊತ್ತು, ಜಯಶ್ರೀ.

ಪಕ್ಕಕ್ಕೆ ಸರಿದಳು, ಹೆಂಗಸರು ಮಾಯವಾದರು. ಕುಳಿತಳು, ಅವಳ ನೆರಳೂ ಕುಳಿತಿತು. ಪ್ರತಿಫಲನ ಅಳಿಸುವ ಫಿಲ್ಟರ್ ತಿರುಗಿಸಿದಳು. ಅದು ಅವಳ ಜೊತೆ ಹೆಂಗಸರನ್ನೂ, ಬಸ್ ನಿಲ್ದಾಣವನ್ನೂ ಅಳಿಸಿತು. ಕರಿ ಶಾಲು ಹೊದ್ದಳು. ಗಾಜಿನಲ್ಲಿ ಕರಡಿಯೊಂದು ನಿಂತಿತು. ಬಸ್ಸು ಬಂತು, ಹೆಂಗಸರು ಹೋದರು. ಬೇರೆಯವರು ಬರುವಷ್ಟರಲ್ಲಿ ಹೊತ್ತು ಇಳಿದಿತ್ತು.

"ಹಾಳಾದ ಗಾಜು! ನಾ ಒಬ್ಬಾಕಿ ಇಲ್ಲದಿದ್ರ ಸಾಕಾಗಿತ್ತಲ್ಲ!"

ಗಾಜಿನ ನಡುವೆ ಒಂದು ಬೆರಳಿನ ಗುರುತು. ಬಾಟಲಿಯಲ್ಲಿ ನೀರು ಮುಗಿದಿತ್ತು. ಲೆನ್ಸ್ ಒರೆಸಿ ಒರೆಸಿ ಬಂದ ಚಾಳಿ. ಯೋಚಿಸುವ ಮೊದಲೇ ಬಾಯಿ ಗಾಜಿನ ಹತ್ತಿರ ಹೋಗಿತ್ತು.

ಹಾ...

ರಸ್ತೆಯಾಚೆ ಚಹಾದ ಗ್ಲಾಸೊಂದು ಬಿದ್ದು ಒಡೆಯಿತು.

ಜಯಶ್ರೀ ಒರೆಸಿದಳು, ಹಿಂದೆ ಸರಿದು ಕ್ಲಿಕ್ಕಿಸಿದಳು. ಪರದೆ ನೋಡಿದಳು. ಸತ್ತ ಬಣ್ಣದ ಮುಖಗಳು, ಅವುಗಳ ಮೇಲೆ ಸೀರೆಗಳ ಕೆಂಪು ಅಂಚು. ನಡುವೆ ಯಾರೂ ಇಲ್ಲ. ಬೆಳಕಿನ ಕೋನ ಕಡೆಗೂ ಸಿಕ್ಕಿತೆಂದುಕೊಂಡಳು. ಚಿತ್ರವನ್ನು ಮೊಬೈಲಿಗಿಳಿಸಿ ಪ್ರದರ್ಶನದವರಿಗೆ ಕಳಿಸಿದಳು. ಉತ್ತರ ಬೇಗ ಬಂತು: "ಆಯ್ಕೆಯಾಗಿದೆ. ಕೊನೆಗೂ ನೀವಿಲ್ಲದ ಚಿತ್ರ!"

ಅಮ್ಮನಿಗೆ ಹೇಳಬೇಕು. ಮೊಬೈಲನ್ನು ಮುಖದ ಮುಂದೆ ಹಿಡಿದಳು. ತೆರೆಯಲಿಲ್ಲ. ಮತ್ತೆ ಹಿಡಿದಳು. 'ಮುಖ ಕಾಣಿಸುತ್ತಿಲ್ಲ' ಎಂದಿತು.

ತಲೆಯೆತ್ತಿದಳು. ಗಾಜಿನಲ್ಲಿ ಬಸ್ಸಿತ್ತು. ಹೆಂಗಸರಿದ್ದರು. ಅವಳಿರಲಿಲ್ಲ. ಅವಳು ಇರಬೇಕಾದಲ್ಲಿ ಒಬ್ಬ ಗಂಡಸು. ಬರಿಗಾಲು. ಸುಣ್ಣದಂಥ ಮುಖ. ಅವಳು ಒರೆಸಿದ ಜಾಗದಲ್ಲಿ ಮಂಜು ಮತ್ತೆ ಮೂಡಿತು. ಒಳಗಿನಿಂದ. ಫೋಟೋ ತೊಳೆಯುವ ರಸಾಯನದ ಹುಳಿ ವಾಸನೆ. ಅವನು ಬಾಯಿ ತೆರೆದ. ಉಸಿರೆಳೆದುಕೊಂಡ. ಅವಳ ಎದೆ ಬರಿದಾಯಿತು. ರಸ್ತೆಯ ಹಾರ್ನ್ ಸದ್ದು ನಿಂತಿತು. ಗಾಳಿ ನಿಂತಿತು. ಕೈ ಚಾಚಿದಳು. ತಣ್ಣಗೆ, ಚಪ್ಪಟೆ. ಮತ್ತೆ ಚಾಚಿದಳು. ಗಾಜು. ಬೆನ್ನಿಗೆ ಒಣಗಿದ ಫೋಟೋಗಳು ಚುಚ್ಚಿದವು.

ಹೊರಗೆ, ಬರಿಗಾಲಿನವನು ಕೆಳಗೆ ಬಿದ್ದಿದ್ದ ಅವಳ ಕ್ಯಾಮೆರಾ ಎತ್ತಿ ಕೊರಳಿಗೆ ಹಾಕಿಕೊಂಡ. ರಸ್ತೆ ದಾಟಿ ಮಾಬುಬಿಯ ಬೆಂಚಿನ ಮೇಲೆ ಕುಳಿತ.

ಮಾಬುಬಿ ಅವನ ಬರಿಗಾಲು ನೋಡಿದಳು. ಆದರೂ ಗಿರಾಕಿ ಗಿರಾಕಿಯೇ. "ಸಕ್ಕರಿ?"

"ಮದಲಿನಂಗ."

ಜಯಶ್ರೀ ಗಾಜು ಬಡಿದಳು. ಸದ್ದಾಗಲಿಲ್ಲ. ಒಂದು ಉಸಿರು, ಯಾರದಾದರೂ, ಒಂದೇ ಒಂದು ಸಾಕಿತ್ತು. ಮಾಬುಬಿ ಎದ್ದು ಬಂದಳು. ಒಂದು ಕೈಯಲ್ಲಿ ಸುಣ್ಣದ ಬಕೀಟು. ಹತ್ತಿರ ನಿಂತು, ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಜಯಶ್ರೀ ಕೈ ಮುಗಿದಳು.

"ನೀರ್ಲೆ ಒರಸು ಅಂದಿದ್ನಲ್ಲ, ಯವ್ವಾ," ಎಂದಳು ಮಾಬುಬಿ. ಅಳುತ್ತಿದ್ದಳು. ಆ ಮಾತು ಒಳಗೆ ಕೇಳಿಸಲಿಲ್ಲ.

ಆಮೇಲೆ ಸೆರಗಿನಿಂದ ತನ್ನ ಮೂಗು, ಬಾಯಿಗಳನ್ನು ಬಿಗಿಯಾಗಿ ಕಟ್ಟಿಕೊಂಡು, ಜಯಶ್ರೀಯ ಕಾಲಿನ ಕಡೆಯಿಂದ ಸುಣ್ಣ ಬಳಿಯತೊಡಗಿದಳು.